ಮುಖದ ಇಸುಬು ಮತ್ತು ನಮ್ಮ ಎಕ್ಸೆಲ್ ಶೀಟು

ಈ ಲೇಖನದಲ್ಲಿ ‘ನಾವು’ ಅಂದ್ರೆ ನಾಲ್ಕು ಜನ. ಒಬ್ಬರು ಬಾಗಲಕೋಟೆ ನವನಗರದವರು, ಒಬ್ಬರು ಬಾದಾಮಿ, ಒಬ್ಬರು ಹುನಗುಂದ, ಇನ್ನೊಬ್ಬರು ಇಳಕಲ್. ಎಲ್ಲರೂ ಸೆಕೆಂಡ್ ಇಯರ್. ನಾಲ್ವರಲ್ಲಿ ಇಸುಬು ಬಂದಿದ್ದು ಒಂದೇ ಮುಖಕ್ಕೆ. ಆ ಮುಖ ಯಾರದು ಅಂತ ಬರೆಯಬಾರದು ಎಂದು ಮುಖದ ಮಾಲೀಕರು ಷರತ್ತು ಹಾಕಿದ್ದಾರೆ. ಕ್ಯಾಂಪಸ್‌ನಲ್ಲಿ ಎಲ್ಲರಿಗೂ ಗೊತ್ತೇ ಇದೆ, ಮುಖದ ಮೇಲೆ ಬರೋ ರೋಗದಲ್ಲಿ ಗುಟ್ಟು ಎಲ್ಲಿಂದ ಬರಬೇಕು! ಆದರೂ ಮಾತು ಕೊಟ್ಟಿದ್ದೇವೆ, ಹಂಗಾಗಿ ಕೊನೆಯವರೆಗೂ ‘ನಮ್ಮ ಮುಖ’ ಅಂತಲೇ ಬರೀತೀವಿ.

ಇನ್ನೊಂದು ಮಾತು. ನಾವೆಲ್ಲ ಇಂಗ್ಲಿಷ್ ಮೀಡಿಯಂ. ‘ಎಕ್ಸಿಮಾ’ ಗೊತ್ತಿತ್ತು, ‘ಇಸುಬು’ ಗೊತ್ತಿರಲಿಲ್ಲ. ಹುನಗುಂದದ ಅಜ್ಜಿ ಮುಖ ನೋಡಿದ ಕೂಡಲೇ “ಇದು ಇಸಬು ಐತಿ, ಹುಳಕಡ್ಡಿ ಅಲ್ಲ” ಅಂದ್ರು. ಆಮೇಲೆ ಚರ್ಮದ ಡಾಕ್ಟರೂ ಅದನ್ನೇ ಹೇಳಿದರು, ಫೀಸ್ ತಗೊಂಡು. ಹುಳಕಡ್ಡಿ ಅಂದ್ರೆ ಫಂಗಸ್, ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಇಸುಬು ಹರಡುವುದಿಲ್ಲ. ಈ ಒಂದು ವಾಕ್ಯ ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಗೊತ್ತಿದ್ದಿದ್ದರೆ, ಟವೆಲ್ ಒಣಗಿಸುವ ಹಗ್ಗದ ಮೇಲೆ ನಮ್ಮ ಟವೆಲ್‌ಗೆ ಬೇರೆ ಜಾಗ ತೋರಿಸುವ ಪ್ರಸಂಗ ಬರುತ್ತಿರಲಿಲ್ಲ.

ಶುರುವಾಗಿದ್ದು ಫಸ್ಟ್ ಇಯರ್‌ನ ಫೆಬ್ರವರಿಯಲ್ಲಿ. ಮೊದಲು ಕಣ್ಣಿನ ರೆಪ್ಪೆ ಮೇಲೆ ಸ್ವಲ್ಪ ಉರಿ. ಆಮೇಲೆ ಕೆನ್ನೆ, ಬಾಯಿಯ ಸುತ್ತ, ಕುತ್ತಿಗೆ. ಕೆಂಪಗೆ, ಒಣ ಒಣ, ಸಣ್ಣ ಹೊಟ್ಟಿನ ಹಾಗೆ ಉದುರುವುದು. ಹಗಲು ತಡೆದುಕೊಳ್ಳಬಹುದು, ರಾತ್ರಿ ಆಗಲ್ಲ. ನಿದ್ದೆಯಲ್ಲಿ ಕೈ ತಾನೇ ಕೆರೆಯುತ್ತದೆ, ಬೆಳಿಗ್ಗೆ ದಿಂಬಿನ ಮೇಲೆ ರಕ್ತದ ಚುಕ್ಕೆ. ಚಿಕ್ಕವರಿದ್ದಾಗ ಮೊಣಕೈ ಮಡಿಕೆಯಲ್ಲಿ ಹೀಗೇ ಆಗುತ್ತಿತ್ತು, ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ತಾನೇ ಹೋಗಿತ್ತು. ಈಗ ಹತ್ತೊಂಬತ್ತಕ್ಕೆ ವಾಪಸ್ಸು, ಅದೂ ಮುಖಕ್ಕೇ.

ಮೆಡಿಕಲ್ ಶಾಪಿನ ಟ್ಯೂಬು

ಇಲ್ಲಿ ನಾವು ಮಾಡಿದ ತಪ್ಪನ್ನು ಪೂರ್ತಿ ಬರೀತೀವಿ. ಇದೇ ತಪ್ಪು ಮಾಡುತ್ತಿರುವವರು ಈ ಕ್ಯಾಂಪಸ್‌ನಲ್ಲಿ ಇನ್ನೂ ಇದ್ದಾರೆ, ನಮಗೆ ಗೊತ್ತು.

ಸೆಮಿನಾರ್ ಹತ್ತಿರ ಇತ್ತು. ಮೆಡಿಕಲ್ ಶಾಪಿಗೆ ಹೋಗಿ ಮುಖ ತೋರಿಸಿದೆವು. ಅಂಗಡಿಯವರು ಎರಡು ಸೆಕೆಂಡ್ ನೋಡಿ ಒಂದು ಟ್ಯೂಬ್ ಕೊಟ್ಟರು. ಮೂರು ದಿನದಲ್ಲಿ ಮುಖ ಕನ್ನಡಿಯಂಗಾಯ್ತು. ಕೆಂಪು ಹೋಯ್ತು, ಬಣ್ಣವೂ ತುಸು ತಿಳಿಯಾಯ್ತು. ಮನೆಯಲ್ಲಿ ಎಲ್ಲರಿಗೂ ಖುಷಿ. ಹಂಗ ನಾಲ್ಕು ತಿಂಗಳು ಹಚ್ಚಿದೆವು. ಎಕ್ಸಾಮ್ ಮುಗಿದ ಮೇಲೆ ಜುಲೈನಲ್ಲಿ ಬಿಟ್ಟೆವು. ಬಿಟ್ಟ ನಾಲ್ಕನೇ ದಿನ ಮುಖ ಬೆಂಕಿ. ಮೊದಲು ಇದ್ದ ಇಸುಬಿಗಿಂತ ಎರಡು ಪಟ್ಟು ಕೆಂಪು, ಮೇಲೆ ಮೊಡವೆ, ಬಿಸಿಲಿಗೆ ಹೋದರೆ ಸೂಜಿ ಚುಚ್ಚಿದಂತೆ. ಮತ್ತೆ ಹಚ್ಚಿದರೆ ಆರಾಮ, ಬಿಟ್ಟರೆ ಬೆಂಕಿ.

ಟ್ಯೂಬಿನಲ್ಲಿದ್ದದ್ದು ಸ್ಟೀರಾಯ್ಡ್, ಜೊತೆಗೆ ಬಣ್ಣ ತಿಳಿ ಮಾಡುವ ರಾಸಾಯನಿಕ. ಸ್ಟೀರಾಯ್ಡ್ ಚರ್ಮದ ಉರಿಯೂತವನ್ನು ತಗ್ಗಿಸುತ್ತದೆ, ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಅದಕ್ಕೇ ಮುಖ ಬೆಳ್ಳಗೆ ಕಾಣುವುದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ನಿಲ್ಲಿಸಿದಾಗ ರಕ್ತನಾಳಗಳು ಒಮ್ಮೆಲೇ ಹಿಗ್ಗುತ್ತವೆ. ಇದು ನಮ್ಮ ದೇಶದಲ್ಲಿ ಎಷ್ಟು ಸಾಮಾನ್ಯ ಅಂದ್ರೆ ಭಾರತದ ಚರ್ಮವೈದ್ಯರೇ ಇದಕ್ಕೆ ‘ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್’ ಅಂತ ಹೆಸರಿಟ್ಟರು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದ್ರೆ ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರುತ್ತಾರೆ, ಆ ಮಾತು ಬೇರೆ.

ಮುಖದ ವಿಷಯದಲ್ಲಿ ಇದು ಯಾಕೆ ಹೆಚ್ಚು ಅಪಾಯ ಅನ್ನೋದಕ್ಕೆ ಒಂದು ಹಳೆಯ ಅಳತೆ ಇದೆ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಹೈಡ್ರೊಕಾರ್ಟಿಸೋನ್ ದೇಹದ ಬೇರೆ ಬೇರೆ ಜಾಗದಲ್ಲಿ ಎಷ್ಟು ಒಳಗಿಳಿಯುತ್ತದೆ ಅಂತ ಅಳೆದರು. ಮುಂಗೈಯಲ್ಲಿ ಇಳಿಯುವುದನ್ನು 1 ಅಂತ ಹಿಡಿದರೆ ಹಣೆಯಲ್ಲಿ 6, ದವಡೆಯ ಮೂಲೆಯಲ್ಲಿ 13. ಅದೇ ಕ್ರೀಮು, ಅದೇ ಪ್ರಮಾಣ. ಕೈಗೆ ಹಚ್ಚುವ ಕ್ರೀಮನ್ನು ಮುಖಕ್ಕೆ ಹಚ್ಚಿದರೆ ಏನಾಗುತ್ತೆ ಅಂತ ಇನ್ನು ಹೇಳಬೇಕಿಲ್ಲ.

ನಿಮ್ಮ ರೂಮಿನಲ್ಲಿ ಇರೋ ಟ್ಯೂಬನ್ನು ಈಗಲೇ ತಿರುಗಿಸಿ ನೋಡಿ. ಕ್ಲೊಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲುವೊಸಿನೊಲೋನ್ ಅಂತೇನಾದರೂ ಇದ್ದರೆ ಅದು ಸ್ಟೀರಾಯ್ಡ್. ಹುಳಕಡ್ಡಿಗೆ ಅಂತ ಕೊಡುವ ಎಷ್ಟೋ ಮಿಕ್ಸ್ ಕ್ರೀಮುಗಳಲ್ಲೂ ಕ್ಲೊಬೆಟಾಸಾಲ್ ಇರುತ್ತದೆ. ತುರಿಕೆ ನಿಲ್ಲುತ್ತೆ, ಫಂಗಸ್ ಮಾತ್ರ ಆರಾಮಾಗಿ ಬೆಳೆಯುತ್ತೆ.

ಹಂಗಂತ ಸ್ಟೀರಾಯ್ಡ್ ಅಂದ್ರೆ ವಿಷ ಅಂತ ಓಡಬೇಡಿ, ಅದೂ ತಪ್ಪೇ. ಡಾಕ್ಟರು ನಮಗೆ ಕೊಟ್ಟಿದ್ದೂ ಸ್ಟೀರಾಯ್ಡೇ: ಅತಿ ಸೌಮ್ಯವಾದದ್ದು, ಐದೇ ದಿನಕ್ಕೆ. ಆಮೇಲೆ ಟ್ಯಾಕ್ರೊಲಿಮಸ್ ಮುಲಾಮು. ಇದರ ಕತೆ ಚೆನ್ನಾಗಿದೆ. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ಸಿಕ್ಕ ಔಷಧಿ ಇದು, ಮೊದಲು ಬಳಸಿದ್ದು ಅಂಗಾಂಗ ಕಸಿ ಮಾಡಿಸಿಕೊಂಡವರಿಗೆ. ಮುಲಾಮಾಗಿ ಹಚ್ಚಿದರೆ ಚರ್ಮ ತೆಳುವಾಗಲ್ಲ, ಅದಕ್ಕೇ ರೆಪ್ಪೆ, ಮುಖಕ್ಕೆ ಹೊಂದುತ್ತದೆ. ಮೊದಲ ಕೆಲವು ದಿನ ಮೆಣಸಿನಕಾಯಿ ಉಜ್ಜಿದಂಗ ಉರಿಯುತ್ತೆ ಅಂತ ಮೊದಲೇ ಹೇಳಿದ್ದರಿಂದ ನಾವು ಬಿಡಲಿಲ್ಲ.

ಅಳತೆ ಹೇಳುವ ರೀತಿಯೂ ನಮಗೆ ಹಿಡಿಸಿತು. ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಟ್ಯೂಬಿನಿಂದ ಹಿಂಡಿದರೆ ಅದು ಒಂದು ‘ಫಿಂಗರ್‌ಟಿಪ್ ಯೂನಿಟ್’, ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಇಡೀ ಮುಖ, ಕುತ್ತಿಗೆ ಸೇರಿ ಎರಡೂವರೆ ಯೂನಿಟ್. ಯೂನಿಟ್ ಇಲ್ಲದ ಉತ್ತರಕ್ಕೆ ಮಾರ್ಕ್ಸ್ ಇಲ್ಲ ಅನ್ನೋ ನಮ್ಮ ಮೇಷ್ಟ್ರುಗಳಿಗೆ ಇದು ಇಷ್ಟವಾಗಬಹುದು.

ಗೋಡೆ ಮತ್ತು ಗಾರೆ

ಕಾರಣಗಳಿಗೆ ಹೋಗುವ ಮೊದಲು ಚರ್ಮ ಹೇಗೆ ಕಟ್ಟಿದೆ ಅನ್ನೋದನ್ನು ಸಿವಿಲ್ ಭಾಷೆಯಲ್ಲಿ ಹೇಳಿಬಿಡೋಣ. ಚರ್ಮದ ಅತಿ ಮೇಲಿನ ಪದರ ಒಂದು ಇಟ್ಟಿಗೆ ಗೋಡೆ. ಸತ್ತ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬು ಗಾರೆ. ಒಳಗಿನ ನೀರು ಹೊರಗೆ ಹೋಗದಂತೆ, ಹೊರಗಿನದು ಒಳಗೆ ಬರದಂತೆ ತಡೆಯುವುದು ಇದರ ಕೆಲಸ. ಇಟ್ಟಿಗೆ ಗಟ್ಟಿಯಾಗಲು ಫಿಲಾಗ್ರಿನ್ ಅನ್ನೋ ಪ್ರೋಟೀನ್ ಬೇಕು. ಆ ಪ್ರೋಟೀನಿನ ಜೀನ್‌ನಲ್ಲಿ ದೋಷ ಇರುವವರಿಗೆ ಇಸುಬು ಬರುವ ಸಾಧ್ಯತೆ ಬಹಳ ಹೆಚ್ಚು ಅಂತ 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ತಂಡ ತೋರಿಸಿತು. ಇಸುಬು ಇರುವ ಎಲ್ಲರಲ್ಲೂ ಈ ದೋಷ ಇರುವುದಿಲ್ಲ. ಆದರೆ ಎಲ್ಲರಲ್ಲೂ ಗೋಡೆ ಸೋರುತ್ತಿರುತ್ತದೆ, ಅದು ನಿಜ.

ಅಂದ್ರೆ ‘ಕಾರಣ’ ಅನ್ನೋ ಪದವನ್ನೇ ಎರಡು ಮಾಡಬೇಕು. ಸೋರುವ ಗೋಡೆ ಹುಟ್ಟಿನಿಂದ ಬಂದದ್ದು, ಅದನ್ನು ಬದಲಿಸೋಕೆ ಆಗಲ್ಲ. ಅದರ ಮೇಲೆ ಬಂದು ಹೊಡೆಯುವ ಮಳೆ ಯಾವುದು? ನಾವು ಹುಡುಕಲು ಹೊರಟಿದ್ದು ಮಳೆಯನ್ನು. ಈ ವ್ಯತ್ಯಾಸ ಗೊತ್ತಿಲ್ಲದೆ ನಾಲ್ಕು ತಿಂಗಳು ‘ಒಂದೇ ಒಂದು ಕಾರಣ’ ಹುಡುಕಿದೆವು.

ನಾಲ್ಕು ಊರು, ನಾಲ್ಕು ಅನುಮಾನ

ಬಾಗಲಕೋಟೆಯವರ ಅನುಮಾನ ನೀರಿನ ಮೇಲೆ. ಬೋರ್‌ವೆಲ್ ನೀರು, ಬಕೆಟ್ಟಿಗೆಲ್ಲ ಬಿಳಿ ಪಟ್ಟಿ, ಸೋಪು ನೊರೆಯೇ ಬರಲ್ಲ. ಇದನ್ನು ನಾವೇ ಪರೀಕ್ಷೆ ಮಾಡಬಹುದಿತ್ತು, ಮಾಡಿದೆವು. ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬ್‌ನ ಇಡಿಟಿಎ ಟೈಟ್ರೇಶನ್ ನೆನಪಿದೆಯಲ್ಲ, ವೈನ್ ರೆಡ್‌ನಿಂದ ನೀಲಿ? ಜೀವನದಲ್ಲಿ ಮೊದಲ ಸಲ ಆ ಪ್ರಯೋಗ ಯಾವುದೋ ಕೆಲಸಕ್ಕೆ ಬಂತು. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಹಾಕಿರುವ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 600. ನಮ್ಮ ಬ್ಯುರೆಟ್ ರೀಡಿಂಗನ್ನು ನಂಬುವುದಾದರೆ ನಮ್ಮ ನೀರು ಇವೆರಡರ ನಡುವೆ ಇತ್ತು. ಗಡಸು ನೀರಿನಲ್ಲಿ ಸೋಪಿನ ಜೊತೆ ಕ್ಯಾಲ್ಸಿಯಂ ಸೇರಿ ಜಿಗುಟಾದ ಕಸ ಉಂಟಾಗುತ್ತೆ, ಅದು ಚರ್ಮದ ಮೇಲೆ ಉಳಿದು ಕೆರಳಿಸುತ್ತೆ. ಹಂಗಾದ್ರೆ ಸಾಫ್ಟನರ್ ಹಾಕಿಸಿದರೆ ಆಯ್ತಲ್ಲ? ಇಂಗ್ಲೆಂಡಿನಲ್ಲಿ ಇಸುಬಿದ್ದ 336 ಮಕ್ಕಳ ಮೇಲೆ ಹೀಗೇ ಪ್ರಯೋಗ ಮಾಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಹನ್ನೆರಡು ವಾರ ಮನೆಗೆ ಸಾಫ್ಟನರ್ ಹಾಕಿದರೂ ಹೇಳಿಕೊಳ್ಳುವ ಲಾಭ ಆಗಲಿಲ್ಲ. ನಾವು ಸಾಫ್ಟನರ್ ಆಸೆ ಬಿಟ್ಟು ಸೋಪು ಬಿಟ್ಟೆವು.

ಸೋಪು ಬಿಡಲು ಕಾರಣ ಅರಿಶಿನ. ಅರಿಶಿನ ಮೆತ್ತಿದ ಬಟ್ಟೆಗೆ ಸೋಪು ಹಚ್ಚಿದರೆ ಕೆಂಪಾಗುವುದನ್ನು ಎಲ್ಲರೂ ನೋಡಿದ್ದೀರಿ. ಆರತಿ ತಟ್ಟೆಯ ಓಕುಳಿಯೂ ಅದೇ, ಅರಿಶಿನಕ್ಕೆ ಸುಣ್ಣ. ಅರಿಶಿನ ಕ್ಷಾರ ಕಂಡರೆ ಕೆಂಪಾಗುತ್ತದೆ. ನಾವು ಒಂದು ಕಾಗದಕ್ಕೆ ಅರಿಶಿನದ ನೀರು ಹಚ್ಚಿ ಒಣಗಿಸಿ, ರೂಮಿನಲ್ಲಿದ್ದ ಸೋಪುಗಳ ನೊರೆಯನ್ನೆಲ್ಲ ಒಂದೊಂದಾಗಿ ಇಟ್ಟೆವು. ‘ಸೌಮ್ಯ’ ಅಂತ ಬರೆದುಕೊಂಡಿದ್ದ ಸೋಪಿಗೂ ಕಾಗದ ಕೆಂಪಾಯ್ತು. ಆರೋಗ್ಯವಾದ ಚರ್ಮದ ಪಿಎಚ್ ಸುಮಾರು 5, ಸಾಮಾನ್ಯ ಸೋಪಿನದು 9ರಿಂದ 10. ಪಿಎಚ್ ಸ್ಕೇಲು ಲಾಗರಿದಮಿಕ್ ಅನ್ನೋದು ಮರೆಯಬೇಡಿ, ಐದು ಅಂಕಿ ಅಂದ್ರೆ ಲಕ್ಷ ಪಟ್ಟು. ಗಾರೆಯನ್ನು ತಯಾರಿಸುವ ಕಿಣ್ವಗಳಿಗೆ ಆಮ್ಲೀಯ ವಾತಾವರಣ ಬೇಕು, ದಿನಕ್ಕೆ ಮೂರು ಸಲ ಸೋಪಿನಿಂದ ಮುಖ ತೊಳೆಯುತ್ತಿದ್ದ ನಾವು ಅದನ್ನೇ ಹಾಳು ಮಾಡುತ್ತಿದ್ದೆವು. ಕಾಗದ ಕೆಂಪು ಮಾಡದ ಒಂದು ಕ್ಲೆನ್ಸರ್ ಸಿಕ್ಕಿತು, ಈಗ ದಿನಕ್ಕೆ ಒಂದೇ ಸಲ.

ಬಾದಾಮಿಯವರ ಅನುಮಾನ ಬಣ್ಣದ ಮೇಲೆ. ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳನ್ನು ನೋಡಿ ಬೆಳೆದವರು, ಕ್ಲಬ್ಬಿನ ನಾಟಕಕ್ಕೆ ಮುಖಕ್ಕೆ ಬಣ್ಣ ಬಳಿದದ್ದೂ ಅವರೇ. ಇಸುಬು ಕಾಣಿಸಿದ್ದು ಅದೇ ವಾರ. ಪಾಪ, ಅವರಿಗೆ ತಿಂಗಳುಗಟ್ಟಲೆ ಅಪರಾಧಿ ಭಾವನೆ. ಅನುಮಾನ ತಪ್ಪೇನಲ್ಲ: ಮೀಸೆ ಅಂಟಿಸುವ ಗೋಂದಿನಲ್ಲಿ ರಾಳ ಇರುತ್ತದೆ, ಅದು ಹೆಸರುವಾಸಿ ಅಲರ್ಜಿಕಾರಕ. ಆದರೆ ಒಂದು ದಿನ ಬಳಿದ ಬಣ್ಣ ಆರು ತಿಂಗಳು ಕಾಡುವುದಿಲ್ಲ.

ಇಳಕಲ್‌ನವರ ಮನೆಯಲ್ಲಿ ಮಗ್ಗ ಇದೆ. ರಜೆಗೆ ಅಲ್ಲಿಗೆ ಹೋಗಿದ್ದಾಗ ತುರಿಕೆ ಜಾಸ್ತಿಯಾಗಿತ್ತು, ಅವರು ನೂಲಿನ ಬಣ್ಣವನ್ನು ಹಿಡಿದುಕೊಂಡರು. ಬಟ್ಟೆಯ ಬಣ್ಣದ ಅಲರ್ಜಿ ಸಾಮಾನ್ಯವಾಗಿ ಬಟ್ಟೆ ಉಜ್ಜುವ ಜಾಗದಲ್ಲಿ ಬರುತ್ತೆ: ಕಂಕುಳ ಸುತ್ತ, ತೊಡೆ, ಸೊಂಟ. ರೆಪ್ಪೆಗೆ ಬರುವುದು ಕಡಿಮೆ. ಆದರೆ ಆ ಓದಿನಲ್ಲಿ ಒಂದು ವಿಚಿತ್ರ ವಿಷಯ ಸಿಕ್ಕಿತು, ಹುಡುಗಿಯರು ಗಮನಿಸಿ. ನೇಲ್ ಪಾಲಿಶ್‌ನ ಅಲರ್ಜಿ ಉಗುರಿಗೆ ಬರದೆ ರೆಪ್ಪೆಗೆ ಬರಬಹುದು. ಉಗುರು ಗಟ್ಟಿ, ರೆಪ್ಪೆ ತೆಳು, ದಿನಕ್ಕೆ ನೂರು ಸಲ ಕಣ್ಣು ಉಜ್ಜುತ್ತೀವಿ. ಹೇರ್ ಡೈಯೂ ಹಾಗೇ, ಹಚ್ಚುವುದು ತಲೆಗೆ, ಊದುವುದು ಹಣೆ ಮತ್ತು ರೆಪ್ಪೆ. ಬಿಂದಿಯ ಅಂಟಿನಲ್ಲಿರುವ ಒಂದು ಫಿನಾಲ್ ಹಣೆಯ ಚರ್ಮಕ್ಕೆ ಆಗದೆ ಅಲ್ಲೊಂದು ಬಿಳಿ ಕಲೆ ಉಳಿಸುವುದೂ ಉಂಟು. ಕನ್ನಡಕದ ಫ್ರೇಮ್, ಮೂಗುತಿಗಳ ನಿಕ್ಕಲ್ ಬಗ್ಗೆ ಬರೆದರೆ ಇನ್ನೊಂದು ಲೇಖನ ಆಗುತ್ತೆ. ಸಿವಿಲ್‌ನವರಿಗೆ ಒಂದೇ ವಾಕ್ಯ: ಸಿಮೆಂಟಿನಲ್ಲಿರುವ ಹೆಕ್ಸಾವಲೆಂಟ್ ಕ್ರೋಮಿಯಂ ಕೈಗೂ ಮುಖಕ್ಕೂ ಇಸುಬು ತರಿಸುತ್ತೆ, ಯುರೋಪಿನಲ್ಲಿ 2005ರಿಂದ ಅದಕ್ಕೆ ಹತ್ತು ಲಕ್ಷದಲ್ಲಿ 2 ಭಾಗದ ಮಿತಿ ಇದೆ. ಸೈಟ್ ವಿಸಿಟ್‌ನಲ್ಲಿ ಗ್ಲೌಸ್ ಕೇಳಿ ಹಾಕ್ಕೊಳ್ಳಿ.

ಹುನಗುಂದದ ಅಜ್ಜಿ ರೋಗದ ಹೆಸರು ಸರಿಯಾಗಿ ಹೇಳಿದರು, ಕಾರಣ ಮಾತ್ರ “ನಂಜು” ಅಂದ್ರು. ಬದನೆಕಾಯಿ ಬ್ಯಾಡ, ಶೇಂಗಾ ಬ್ಯಾಡ, ಮೊಸರು ಬ್ಯಾಡ. ನಮ್ಮ ಮನೆಯವರಿಗೂ ಇದು ಒಪ್ಪಿಗೆಯಾಗಿ ಎರಡು ತಿಂಗಳು ರೊಟ್ಟಿ ಜೊತೆ ಎಣ್ಣೆಗಾಯಿ ಇಲ್ಲ, ಶೇಂಗಾ ಚಟ್ನಿ ಇಲ್ಲ. ಆ ಎರಡು ತಿಂಗಳು ಮುಖ ಇದ್ದಂಗೇ ಇತ್ತು, ಮೈ ಮಾತ್ರ ಇಳಿಯಿತು. ದೊಡ್ಡವರ ಇಸುಬಿಗೆ ಆಹಾರ ಕಾರಣವಾಗುವುದು ಅಪರೂಪ ಅಂತ ಡಾಕ್ಟರ್ ಹೇಳಿದ ದಿನ ಸಂಜೆ ನಾವು ಸೀದಾ ಖಾನಾವಳಿಗೆ ಹೋದೆವು.

ಎರಡು ದಿನದ ಲೆಕ್ಕ

ಡಾಕ್ಟರ ಔಷಧಿಯಿಂದ ಆಗಸ್ಟ್ ಹೊತ್ತಿಗೆ ಮುಖ ತಕ್ಕಮಟ್ಟಿಗೆ ತಣ್ಣಗಾಗಿತ್ತು. ಸೆಪ್ಟೆಂಬರಿನಲ್ಲಿ ಹುನಗುಂದದ ಹತ್ತಿರ ಒಂದು ಹಳ್ಳಿಯಲ್ಲಿ ಶ್ರಮದಾನ. ಶಾಲೆಯ ಸುತ್ತ ಎದೆಮಟ್ಟ ಬೆಳೆದ ಕಸ ಕಿತ್ತೆವು, ಬರಿಗೈಯಲ್ಲಿ, ಹಾಡು ಹೇಳುತ್ತಾ. ಅವತ್ತು ಏನೂ ಆಗಲಿಲ್ಲ. ಮರುದಿನವೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಎದ್ದರೆ ಕಣ್ಣು ತೆರೆಯೋಕೆ ಆಗಲಿಲ್ಲ. ರೆಪ್ಪೆ ಊದಿ ಮುಚ್ಚಿಕೊಂಡಿದ್ದವು. ಹಿಂದಿನ ರಾತ್ರಿ ಮೆಸ್‌ನಲ್ಲಿ ತಿಂದ ಬದನೆಕಾಯಿಯೇ ಕಾರಣ ಅಂತ ಮನೆಯಿಂದ ಫೋನು!

ಅವತ್ತು ಮುಖದ ಮಾಲೀಕರು ಕ್ಲಾಸಿಗೆ ಬರಲಿಲ್ಲ. ಕ್ಲಾಸು ಬಿಟ್ಟಿದ್ದಕ್ಕಿಂತ ಹೆಚ್ಚಾಗಿ ಒಂದು ಮಾತು ನಮ್ಮನ್ನು ಹೆದರಿಸಿತು: “ಡಿಗ್ರಿ ಮುಗಿದ ಮೇಲೆ ಇಂಟರ್‌ವ್ಯೂಗೆ ಈ ಮುಖ ಇಟ್ಟುಕೊಂಡು ಹೋಗೋದಕ್ಕಿಂತ ಊರಾಗ ಇರೋದು ಬೆಟರ್.” ಹೇಳಿದ ರೀತಿ ತಮಾಷೆಯದಾಗಿರಲಿಲ್ಲ. ಎಕ್ಸೆಲ್ ಶೀಟು ಶುರುವಾಗಿದ್ದು ಅವತ್ತೇ, ನಿಜ ಹೇಳಬೇಕಂದ್ರೆ ಏನಾದರೂ ಮಾಡಬೇಕಲ್ಲ ಅಂತ.

ಕಾಲಮ್‌ಗಳು ಇವು: ತುರಿಕೆಗೆ 0ರಿಂದ 10ರ ಅಂಕ, ನಿದ್ದೆಯ ಗಂಟೆ, ಊಟ, ಎಲ್ಲೆಲ್ಲಿ ಹೋಗಿದ್ದು, ಬೆವರು, ಹಚ್ಚಿದ ಔಷಧಿ, ಟೆಸ್ಟ್ ಇತ್ತೋ ಇಲ್ಲವೋ. ಹನ್ನೊಂದು ವಾರ ಬಿಡದೆ ತುಂಬಿದೆವು. ಮೊದಲು ಅದೇ ದಿನದ ತುರಿಕೆಗೆ ಅದೇ ದಿನದ ಓಡಾಟ ಹೋಲಿಸಿದೆವು. ಏನೂ ಸಿಗಲಿಲ್ಲ. ಇಂಟರ್ನಲ್ಸ್ ವಾರದಲ್ಲಿ ಅಂಕ ಏರುತ್ತದೆ ಅನ್ನೋದು ಕಂಡಿತು, ಒತ್ತಡ ಮತ್ತು ನಿದ್ದೆಗೇಡು ಇಸುಬನ್ನು ಕೆರಳಿಸುತ್ತವೆ ಅಂತ ಎಲ್ಲ ಪುಸ್ತಕದಲ್ಲೂ ಇದೆ.

ಆಮೇಲೆ ನಮ್ಮಲ್ಲಿ ಇ ಅಂಡ್ ಸಿ ಓದುವವರು ಒಂದು ಕಾಲಮ್ಮನ್ನು ಎರಡು ದಿನ ಕೆಳಗೆ ಸರಿಸಿದರು. ಸಿಗ್ನಲ್ಸ್ ಕ್ಲಾಸಿನಲ್ಲಿ ಡಿಲೇ ಅಂತ ಕಲಿತದ್ದು ಅಷ್ಟೇ. ಸರಿಸಿದ ಕೂಡಲೇ ಒಂದು ಸಂಗತಿ ಎದ್ದು ಕಂಡಿತು: ಹಿಂದಿನ ಗೇಟಿನ ದಾರಿಯಲ್ಲಿ ಗ್ರೌಂಡಿಗೆ ಹೋದ ದಿನದ ನಂತರ ಎರಡನೇ ಅಥವಾ ಮೂರನೇ ದಿನ ಅಂಕ ಏರುತ್ತಿತ್ತು. ಹಿಂದಿನ ಗೇಟಿನ ಎರಡೂ ಬದಿ ಏನಿದೆ? ಶಾಲೆಯ ಸುತ್ತ ಕಿತ್ತದ್ದೇ. ಬಿಳಿ ಹೂವಿನ ಕಾಂಗ್ರೆಸ್ ಕಸ, ಪಾರ್ಥೇನಿಯಂ.

ಕುಣಿದಾಡಿದೆವು, ಆದರೆ ಕುಣಿತ ಅರ್ಧಕ್ಕೆ ನಿಂತಿತು. ಗ್ರೌಂಡಿಗೆ ಹೋದ ದಿನ ಕಸವೂ ಇತ್ತು, ಬೆವರೂ ಇತ್ತು, ಧೂಳೂ ಇತ್ತು, ಬಿಸಿಲೂ ಇತ್ತು. ನಾಲ್ಕೂ ಒಟ್ಟಿಗೇ ಬಂದು ಒಟ್ಟಿಗೇ ಹೋಗುವಾಗ ಯಾವುದರ ಕೈವಾಡ ಅಂತ ಶೀಟು ಹೇಳಲಾರದು. ಶೀಟು ಹೇಳಿದ್ದು ಯಾವ ಪ್ರಶ್ನೆ ಕೇಳಬೇಕು ಅನ್ನೋದನ್ನು ಮಾತ್ರ.

ಉತ್ತರ ಕೊಡುವುದು ಪ್ಯಾಚ್ ಟೆಸ್ಟ್. 1895ರಲ್ಲಿ ಜಾಡಾಸ್ಸೋನ್ ಎಂಬ ಜರ್ಮನ್ ವೈದ್ಯ ಶುರುಮಾಡಿದ ವಿಧಾನ, ಇವತ್ತಿಗೂ ಅದರ ಮೂಲ ಬದಲಾಗಿಲ್ಲ. ಅನುಮಾನದ ವಸ್ತುಗಳನ್ನು ಗೊತ್ತಾದ ಪ್ರಮಾಣದಲ್ಲಿ ಸಣ್ಣ ಸಣ್ಣ ಬಟ್ಟಲುಗಳಲ್ಲಿ ಹಾಕಿ ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆ ಸ್ನಾನ ಇಲ್ಲ, ಬೆವರುವಂತಿಲ್ಲ. ಆಮೇಲೆ ತೆಗೆದು ನೋಡುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಎರಡು ಸಲ ಯಾಕೆ ಅಂದ್ರೆ ಈ ಬಗೆಯ ಅಲರ್ಜಿಯೇ ತಡವಾಗಿ ಬರುವಂಥದ್ದು. ಶೇಂಗಾ ತಿಂದು ಹತ್ತು ನಿಮಿಷದಲ್ಲಿ ತುಟಿ ಊದುವ ಅಲರ್ಜಿ ಬೇರೆ, ಅದು ಪ್ರತಿಕಾಯಗಳ ಕೆಲಸ. ಇದು ಟಿ ಜೀವಕೋಶಗಳ ಕೆಲಸ. ಅವು ಗುರುತು ಹಿಡಿದು, ಸಂಖ್ಯೆ ಹೆಚ್ಚಿಸಿಕೊಂಡು, ಆ ಜಾಗಕ್ಕೆ ಬಂದು ಸೇರುವುದಕ್ಕೆ ಒಂದರಿಂದ ಮೂರು ದಿನ ಹಿಡಿಯುತ್ತದೆ. ಹಂಗಾಗಿಯೇ ಮನುಷ್ಯರು ಯಾವಾಗಲೂ ಹಿಂದಿನ ರಾತ್ರಿಯ ಊಟವನ್ನು ಬೈಯುತ್ತಾರೆ, ಮೊನ್ನೆಯ ಕಸವನ್ನು ಮರೆಯುತ್ತಾರೆ. ರಕ್ತ ತೆಗೆದು ನೂರಾರು ಆಹಾರದ ಪಟ್ಟಿ ಕೊಡುವ ‘ಅಲರ್ಜಿ ಪ್ಯಾಕೇಜ್’ ಮಾಡಿಸೋಕೆ ನಾವು ದುಡ್ಡು ಕೂಡಿಸಿದ್ದೆವು. ತಡವಾಗಿ ಬರುವ ಅಲರ್ಜಿಯನ್ನು ಅದು ಹಿಡಿಯುವುದೇ ಇಲ್ಲ.

ಜನವರಿಯಲ್ಲಿ, ಮುಖ ಶಾಂತವಾಗಿದ್ದಾಗ, ಹುಬ್ಬಳ್ಳಿಯಲ್ಲಿ ಟೆಸ್ಟ್ ಮಾಡಿಸಿದೆವು. ಭಾರತಕ್ಕೆಂದೇ ಇರುವ ವಸ್ತುಗಳ ಪಟ್ಟಿಯಲ್ಲಿ ಪಾರ್ಥೇನಿಯಂ ಇದ್ದೇ ಇರುತ್ತದೆ. ಪಾರ್ಥೇನಿಯಂ ಎರಡು ಪ್ಲಸ್. ಸುಗಂಧದ ಮಿಶ್ರಣ ಒಂದು ಪ್ಲಸ್. ರಾಳ ಇಲ್ಲ, ನಿಕ್ಕಲ್ ಇಲ್ಲ. ಬಾದಾಮಿಯವರು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದರು.

ಕಾಂಗ್ರೆಸ್ ಕಸದ ಬಗ್ಗೆ

ಮೂಲ ಅಮೆರಿಕ ಖಂಡದ್ದು. 1950ರ ದಶಕದಲ್ಲಿ ಪುಣೆಯಲ್ಲಿ ಜನರ ಗಮನಕ್ಕೆ ಬಂತು, ಆಮೇಲೆ ದೇಶವೆಲ್ಲ ಹಬ್ಬಿತು. ಪುಣೆಯ ಸುತ್ತಮುತ್ತಲೇ ಇದರಿಂದ ಮುಖದ ಇಸುಬು ಬಂದವರನ್ನು ವೈದ್ಯರು ದೊಡ್ಡ ಸಂಖ್ಯೆಯಲ್ಲಿ ಕಂಡರು. 1975ರಲ್ಲಿ ಕರ್ನಾಟಕ ಇದನ್ನು ಕಾಯ್ದೆಯ ಪ್ರಕಾರ ಉಪದ್ರವಿ ಕಳೆ ಅಂತ ಘೋಷಿಸಿತು. 1984ರಲ್ಲಿ ಇದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು ಬೆಂಗಳೂರಿನಲ್ಲಿ ಬಿಟ್ಟರು, ಮಳೆಗಾಲದಲ್ಲಿ ಎಲೆಯ ಮೇಲೆ ಕಂದು ಗೆರೆಯ ಸಣ್ಣ ದುಂಬಿ ಕಂಡರೆ ಅದರ ಸಂತತಿಯೇ. ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಬಿಡಬಲ್ಲದು, ದುಂಬಿ ಎಷ್ಟು ಅಂತ ತಿಂದೀತು?

ಇದರಲ್ಲಿರುವ ಪಾರ್ಥೆನಿನ್ ಅನ್ನೋ ರಾಸಾಯನಿಕ ಗಿಡದ ಮೇಲಿನ ಸೂಕ್ಷ್ಮ ರೋಮಗಳಲ್ಲಿದೆ. ಗಿಡ ಒಣಗಿ ಪುಡಿಯಾದಾಗ ರೋಮ ಗಾಳಿಗೆ ಬರುತ್ತದೆ. ಅಂದ್ರೆ ಮುಟ್ಟಲೇಬೇಕಿಲ್ಲ, ಕಿತ್ತು ಒಣಗಲು ಬಿಟ್ಟ ರಾಶಿಯೂ ಸಾಕು. ಹೆಚ್ಚಾಗಿ ಬಾಧೆಪಡುವವರು ಹೊಲದಲ್ಲಿ ದುಡಿಯುವ ನಡುವಯಸ್ಸಿನವರು. ಹುನಗುಂದದ ಕಡೆ ನೀವೂ ನೋಡಿರಬಹುದು: ಮುಖ, ಕುತ್ತಿಗೆ, ಅಂಗಿಯ ಗುಂಡಿ ಬಿಟ್ಟ ಜಾಗದಲ್ಲಿ ಮಾತ್ರ ಚರ್ಮ ಕಪ್ಪಾಗಿ ದಪ್ಪವಾಗಿರುವ ರೈತರು. ಎಷ್ಟೋ ಜನ ಅದನ್ನು ಬಿಸಿಲು ಅಂದುಕೊಳ್ಳುತ್ತಾರೆ. ಗುರುತು ಹಿಡಿಯುವ ಉಪಾಯ ಒಂದಿದೆ. ಬರೀ ಬಿಸಿಲಿನ ಬಾಧೆಯಾದರೆ ಮೇಲಿನ ರೆಪ್ಪೆ, ಗದ್ದದ ಕೆಳಗೆ, ಕಿವಿಯ ಹಿಂದೆ, ಅಂದ್ರೆ ನೆರಳಿರುವ ಜಾಗ, ಉಳಿದುಕೊಳ್ಳುತ್ತದೆ. ಗಾಳಿಯಲ್ಲಿ ಬರುವ ಅಲರ್ಜಿ ಆ ಜಾಗಗಳನ್ನೂ ಬಿಡುವುದಿಲ್ಲ. ನಮ್ಮ ಮುಖದ ಹಳೆಯ ಫೋಟೋ ತೆಗೆದು ನೋಡಿದರೆ ಕಿವಿಯ ಹಿಂದೆ ಸ್ಪಷ್ಟವಾಗಿ ಇತ್ತು. ಅಷ್ಟು ದಿನ ನಾವ್ಯಾರೂ ಕಿವಿಯ ಹಿಂದೆ ನೋಡಿರಲಿಲ್ಲ.

ಸೇವಂತಿಗೆ, ಸೂರ್ಯಕಾಂತಿ, ಕುಸುಬೆ ಎಲ್ಲ ಇದೇ ಕುಟುಂಬದ ಗಿಡಗಳು. ಪಾರ್ಥೇನಿಯಂ ಆಗದ ಕೆಲವರಿಗೆ ಸೇವಂತಿಗೆ, ಸೂರ್ಯಕಾಂತಿಯೂ ಆಗುವುದಿಲ್ಲ, ಎಲ್ಲರಿಗೂ ಹಾಗೆ ಅಂತಲ್ಲ. ಇಳಕಲ್‌ಗೆ ಹೋದಾಗ ತುರಿಕೆ ಏರಿದ್ದು ಮಗ್ಗದಿಂದಲ್ಲ, ದಾರಿಯಲ್ಲಿ ಸ್ನೇಹಿತರ ಹೊಲದಲ್ಲಿ ಸೂರ್ಯಕಾಂತಿ ನಡುವೆ ನಿಂತು ಸೆಲ್ಫಿ ತಗೊಂಡಿದ್ದರಿಂದ ಇರಬಹುದು ಅಂತ ಈಗ ಅನುಮಾನ. ಶೀಟು ಶುರುವಾಗುವ ಮುಂಚಿನ ಘಟನೆ ಅದು, ಲೆಕ್ಕಕ್ಕೆ ತಗೊಳ್ಳುವಂತಿಲ್ಲ.

ಈಗ ಹೇಗಿದೆ

ಹೋಗಿಲ್ಲ. ಹೋಗುತ್ತೆ ಅಂತ ಯಾರೂ ಹೇಳಿಲ್ಲ. ಸೋರುವ ಗೋಡೆ ಹಾಗೇ ಇದೆ, ಅದಕ್ಕೆ ದಿನಾ ಗಾರೆ ಹಚ್ಚುವುದೇ ಕೆಲಸ. ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ, ಒರೆಸುವಾಗ ಉಜ್ಜದೆ ಒತ್ತುವುದು, ಹಸಿ ಇರುವಾಗಲೇ ಮಾಯಿಶ್ಚರೈಸರ್. ಸುಗಂಧ ಇಲ್ಲದ್ದು, ನಮಗೆ ಆ ಒಂದು ಪ್ಲಸ್ ಇದೆಯಲ್ಲ. ರಾತ್ರಿಗೆ ಸಾದಾ ಪೆಟ್ರೋಲಿಯಂ ಜೆಲ್ಲಿ, ಇದಕ್ಕಿಂತ ಅಗ್ಗದ ಒಳ್ಳೆಯ ವಸ್ತು ನಮಗೆ ಸಿಕ್ಕಿಲ್ಲ. ವಾರದಲ್ಲಿ ಎರಡು ದಿನ ಟ್ಯಾಕ್ರೊಲಿಮಸ್, ಕೆಂಪಿಲ್ಲದಿದ್ದರೂ ಹಚ್ಚಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಉಗುರು ಸಣ್ಣಗೆ. ಗ್ರೌಂಡಿಗೆ ಮುಂದಿನ ಗೇಟಿನಿಂದ ಸುತ್ತು ಹಾಕಿಕೊಂಡು ಹೋಗುತ್ತೀವಿ, ಏಳು ನಿಮಿಷ ಹೆಚ್ಚು. ಬಂದ ಕೂಡಲೇ ಮುಖ ತೊಳೆದು ಅಂಗಿ ಬದಲು. ಬೈಕಿನಲ್ಲಿ ಹೆಲ್ಮೆಟ್ಟಿನ ಗಾಜು ಮುಚ್ಚಿ.

ಒಂದು ವಿಷಯಕ್ಕೆ ಕಾಯಬಾರದು. ಇಸುಬಿನ ಮೇಲೆ ಒಂದೇ ಥರದ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು, ನೋವಾಗಿ, ಜ್ವರ ಬಂದರೆ ಅದು ಹರ್ಪಿಸ್ ಸೋಂಕು ಇರಬಹುದು. ಕಣ್ಣಿನ ಹತ್ತಿರವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಇಂಟರ್ನಲ್ಸ್ ಇದ್ದರೂ.

ತುರಿಕೆಯ ಅಂಕ ಈಗ ಹೆಚ್ಚಿನ ದಿನ 2 ಅಥವಾ 3. ಕಳೆದ ತಿಂಗಳು ಒಮ್ಮೆ 7 ಆಯ್ತು, ಕಾರಣ ತಿಳಿಯಲಿಲ್ಲ, ಎರಡು ದಿನ ಹಿಂದೆ ಸರಿಸಿ ನೋಡಿದರೂ ಇಲ್ಲ. ಅಂಥ ಸಾಲುಗಳಿಗೆ ಶೀಟಿನಲ್ಲಿ ಬೂದು ಬಣ್ಣ ಹಾಕಿದ್ದೇವೆ. ಮುಖದ ಮಾಲೀಕರು ಮೊನ್ನೆ ಮಿನಿ ಪ್ರಾಜೆಕ್ಟ್ ಪ್ರೆಸೆಂಟೇಶನ್ ಕೊಟ್ಟರು, ಗದ್ದದ ಹತ್ತಿರ ಸ್ವಲ್ಪ ಕೆಂಪು ಇಟ್ಟುಕೊಂಡೇ. ಪ್ರಶ್ನೆ ಕೇಳಿದ್ದು ಸರ್ಕ್ಯೂಟಿನ ಬಗ್ಗೆ ಮಾತ್ರ, ಅದಕ್ಕೆ ಉತ್ತರ ಬರಲಿಲ್ಲ, ಅದು ನಾಲ್ವರದೂ ತಪ್ಪು.

ಹಿಂದಿನ ಗೇಟಿನ ಕಸ ತೆಗೆಸಲು ಅರ್ಜಿ ಕೊಟ್ಟಿದ್ದೇವೆ. ಹೂವು ಬಿಡುವ ಮುಂಚೆ, ಮಣ್ಣು ಹಸಿಯಿದ್ದಾಗ, ಗ್ಲೌಸ್ ಮತ್ತು ಮಾಸ್ಕ್ ಹಾಕಿ, ಬೇರು ಸಮೇತ ಕೀಳಬೇಕು. ಒಣಗಲು ಬಿಡಬಾರದು, ಸುಡಲೂಬಾರದು. ಮೊದಲ ಮಳೆಯಾದ ಎರಡನೇ ಭಾನುವಾರ ಅಂತ ನಿಗದಿಯಾಗಿದೆ. ಕೈ ಜೋಡಿಸುವವರು ಕ್ಲಬ್ಬಿನಲ್ಲಿ ಹೆಸರು ಕೊಡಿ. ನಮ್ಮಲ್ಲಿ ಮೂವರು ಬರುತ್ತೇವೆ.